ಪ್ರಕ್ರಿಯಾ ನಿಯಂತ್ರಣದ ಬೋಧನೆಯಲ್ಲಿ ಅನುಕರಣ ತಂತ್ರಾಂಶ

ರಾಸಾಯನಿಕ ಕಾರ್ಖಾನೆಯಲ್ಲಿ ಉಷ್ಣತೆ, ಒತ್ತಡ, ದ್ರವದ ಮಟ್ಟ ಮೊದಲಾದುವು ಗೊತ್ತಾದ ಮೇರೆಯನ್ನು ಮೀರದಂತೆ ಕವಾಟಗಳನ್ನು ನಡೆಸುವ ಶಾಸ್ತ್ರಕ್ಕೆ ಪ್ರಕ್ರಿಯಾ ನಿಯಂತ್ರಣವೆಂದು ಹೆಸರು. ಇದರ ಸೂತ್ರಗಳನ್ನು ಕರಿಹಲಗೆಯ ಮೇಲೆ ಬರೆದು ಕಲಿಸಬಹುದು. ನಡೆಯುತ್ತಿರುವ ಕಾರ್ಖಾನೆಯನ್ನು ಮಾತ್ರ ವಿದ್ಯಾರ್ಥಿಯ ಕೈಗೆ ಒಪ್ಪಿಸಲಾಗದು.

1942ರಲ್ಲಿ ಜೀಗ್ಲರ್ ಮತ್ತು ನಿಕೋಲ್ಸ್ ಎಂಬ ಅಮೆರಿಕದ ಇಂಜಿನಿಯರುಗಳು ಪ್ರಕಟಿಸಿದ ವಿಧಿಯೊಂದುಂಟು. ನಿಯಂತ್ರಕದ ವರ್ಧನವನ್ನು, ಎಂದರೆ ಅಲ್ಪ ವ್ಯತ್ಯಾಸಕ್ಕೆ ಕವಾಟವನ್ನು ಎಷ್ಟು ಚಲಿಸಬೇಕೆಂಬ ಪ್ರಮಾಣವನ್ನು, ಮೆಲ್ಲಮೆಲ್ಲನೆ ಏರಿಸುತ್ತ ಹೋದರೆ ಒಂದು ಹಂತದಲ್ಲಿ ಉಷ್ಣತೆಯೋ ಒತ್ತಡವೋ ಉಯ್ಯಾಲೆಯಂತೆ ಒಂದೇ ಸಮನೆ ತೂಗತೊಡಗುವುದು. ಆ ವರ್ಧನದ ಅರ್ಧವನ್ನು ಸರಳ ನಿಯಂತ್ರಕಕ್ಕೆ ಗೊತ್ತುಮಾಡಬೇಕು. ತೂಗಾಟದ ಅಂಚನ್ನು ಮುಟ್ಟದೆ ಈ ಬೆಲೆ ದೊರೆಯದು; ಅಂಚನ್ನು ದಾಟಿದರೆ ತೂಗಾಟವು ಬೆಳೆಯುತ್ತಲೇ ಹೋಗುವುದು. ಗಣಕಯಂತ್ರವು ಸಮೀಕರಣಗಳನ್ನು ಕ್ಷಣಕ್ಷಣಕ್ಕೂ ಬಿಡಿಸಿ ಕಾರ್ಖಾನೆಯ ನಡೆಯನ್ನು ತೋರಿಸುವಾಗ ವಿದ್ಯಾರ್ಥಿಯು ನಿರ್ಭಯವಾಗಿ ಅಂಚನ್ನು ದಾಟಿಯೂ ನೋಡಬಹುದು.

ಇಂಥ ಅನುಕರಣಗಳಲ್ಲಿ ಬಹು ಪ್ರಸಿದ್ಧವಾದುದು 1993ರಲ್ಲಿ ಡೌನ್ಸ್ ಮತ್ತು ವೋಗೆಲ್ ಎಂಬವರು ಪ್ರಕಟಿಸಿದ ‘ಟೆನ್ನೆಸಿ ಈಸ್ಟ್‌ಮನ್’ ಸಮಸ್ಯೆ. ಇದು ನಿಜವಾದ ಪ್ರಕ್ರಿಯೆಯೊಂದನ್ನು ಆಧರಿಸಿದ್ದು. ಆದರೆ ವೃತ್ತಿರಹಸ್ಯವನ್ನು ಕಾಯುವುದಕ್ಕಾಗಿ ಪದಾರ್ಥಗಳ ಹೆಸರನ್ನು ಮರೆಸಿ ಎ ಮೊದಲುಗೊಂಡು ಎಚ್ ವರೆಗಿನ ಎಂಟು ಅಕ್ಷರಗಳನ್ನಷ್ಟೇ ಇಟ್ಟಿದ್ದಾರೆ. (ಹೆಸರುಗಳನ್ನು ಉರುಹೊಡೆದವನಿಗೆ ಇಲ್ಲಿ ಯಾವ ಲಾಭವೂ ಇಲ್ಲ.) ಅಳತೆಗಳು 41, ಕೈಗೆಟುಕುವ ನಿಯಂತ್ರಣ ಸಾಧನಗಳು 12. ಕ್ರಿಯೆಗಳು ಶಾಖವನ್ನು ಹೊರಸೂಸುವಂಥವು. ಪಾತ್ರೆಯ ಒತ್ತಡವು 3000 ಕಿಲೋಪಾಸ್ಕಲನ್ನು ಮುಟ್ಟಿದರೆ ಎಲ್ಲವೂ ನಿಂತುಹೋಗುವುದು.

ಇದರಲ್ಲಿ ಅಳವಡಿಸಿರುವ 20 ವಿಕ್ಷೋಭೆಗಳೇ ಬೋಧಕನಿಗೆ ವಿಶೇಷ ಉಪಯುಕ್ತ. ಕೊನೆಯ ಐದರ ಕಾರಣವನ್ನು ಮೂಲ ಲೇಖನದಲ್ಲಿ ಹೇಳಿಯೇ ಇಲ್ಲ. ನದಿಯ ಪ್ರವಾಹವನ್ನು ಕಂಡು ಮೇಲೆ ಮಳೆಯಾಯಿತೆಂದು ತಿಳಿಯುವ ನೈಯಾಯಿಕರ ಶೇಷವದನುಮಾನವನ್ನೇ ವಿದ್ಯಾರ್ಥಿಯು ಇಲ್ಲಿ ಅಭ್ಯಾಸಮಾಡಬೇಕಾಗುವುದು: ಏರಿದ ಉಷ್ಣತೆಯಿಂದ ಕಾರಣಕ್ಕೆ ಹಿಂದಿರುಗಬೇಕು.

ಆದರೂ ಬಿಂಬಕ್ಕೂ ಪ್ರತಿಬಿಂಬಕ್ಕೂ ಭೇದವುಂಟು. ತಣ್ಣೀರಿನ ಕವಾಟವು ಅಂಟಿಕೊಳ್ಳುವ ದೋಷವನ್ನು ಇದರ ಕರ್ತೃಗಳು ಮುಂದಾಲೋಚನೆಯಿಂದ ಸೇರಿಸಿದ್ದಾರೆ. ಅದನ್ನು ಬರೆಯದ ತಂತ್ರಾಂಶದಲ್ಲಿ ಕವಾಟವು ಎಂದಿಗೂ ಅಂಟಿಕೊಳ್ಳದು. ವಿದ್ಯಾರ್ಥಿಯು ಅಂಥ ದೋಷವೇ ಇಲ್ಲವೆಂದು ನಂಬಿ ಹೊರಟಾನು. ಆದಕಾರಣ ಪರದೆಯ ಮೇಲೆ ಕಂಡುಕೊಂಡ ವರ್ಧನವನ್ನು ಪ್ರಯೋಗಶಾಲೆಯ ಸಣ್ಣ ನೀರಿನ ತೊಟ್ಟಿಯೊಂದರ ಮೇಲೆಯೂ ಅಳೆದು, ಎರಡೂ ಬೆಲೆಗಳನ್ನು ಪಕ್ಕಪಕ್ಕದಲ್ಲಿ ಬರೆಯಿಸಿ, ವ್ಯತ್ಯಾಸವೇಕೆಂದು ವಿದ್ಯಾರ್ಥಿಯಿಂದಲೇ ಹೇಳಿಸುವುದು ಉಚಿತ.