ರ‍್ಯಾಪರ್ ಇದ್ದರೂ ಕನೆಕ್ಷನ್ ಜವಾಬ್ದಾರಿ ನಮ್ಮದೇ

ನೋಡ್ ಜೆಎಸ್‌ನಲ್ಲಿ ಪೋಸ್ಟ್‌ಗ್ರೆಸ್ ಬಳಸುವ ಅನೇಕರು ‘ಪಿಜಿ’ ಲೈಬ್ರರಿಯ ಮೇಲೊಂದು ಪುಟ್ಟ ರ‍್ಯಾಪರ್ ಬರೆದುಕೊಳ್ಳುತ್ತಾರೆ, ಇಲ್ಲವೇ ಸಿದ್ಧವಾಗಿರುವುದನ್ನು ತಂದುಕೊಳ್ಳುತ್ತಾರೆ. ಒಳ್ಳೆಯ ಅಭ್ಯಾಸ. ರ‍್ಯಾಪರ್‌ನಿಂದ ವೇಗ ತಗ್ಗುತ್ತದೆ ಎಂಬ ಭಯಕ್ಕೆ ಹುರುಳಿಲ್ಲ. ಡೇಟಾಬೇಸ್‌ಗೆ ಹೋಗಿಬರುವ ಸಮಯದ ಮುಂದೆ ಒಂದು ಫಂಕ್ಷನ್ ಕರೆ ಲೆಕ್ಕಕ್ಕೇ ಇಲ್ಲ.

ತೊಂದರೆ ಕೊಡುವ ನಂಬಿಕೆಗಳು ಬೇರೆ. ಕನೆಕ್ಷನ್ ಹೆಚ್ಚಿದಷ್ಟೂ ಆ್ಯಪ್ ಚುರುಕಾಗುತ್ತದೆ ಎಂಬುದು ಒಂದು. ಪೋಸ್ಟ್‌ಗ್ರೆಸ್ ಪ್ರತಿ ಕನೆಕ್ಷನ್‌ಗೂ ಪ್ರತ್ಯೇಕ ಪ್ರೊಸೆಸ್ ಹುಟ್ಟುಹಾಕುತ್ತದೆ, ಅದಕ್ಕೆ ಮೆಮೊರಿ ಬೇಕು. ಪೋಸ್ಟ್‌ಗ್ರೆಸ್‌ನ ಡೀಫಾಲ್ಟ್ ಕನೆಕ್ಷನ್ ಮಿತಿ 100. ಪಿಜಿ ತನ್ನ ಕನೆಕ್ಷನ್‌ಗಳನ್ನು ಮರುಬಳಕೆಗೆ ಇಟ್ಟುಕೊಳ್ಳುವ ಪೂಲ್‌ನ ಡೀಫಾಲ್ಟ್ ಗಾತ್ರ 10. ಅದನ್ನು 20ಕ್ಕೆ ಏರಿಸಿ, ಆ್ಯಪ್‌ನ 8 ಪ್ರತಿಗಳನ್ನು ಓಡಿಸಿದರೆ ಬೇಡಿಕೆ 160ರವರೆಗೆ ಹೋಗಬಹುದು. ಮಿತಿ ತುಂಬಿದ ಮೇಲೆ ಬಂದವರನ್ನು ಸರ್ವರ್ ಒಳಗೇ ಬಿಡುವುದಿಲ್ಲ.

ಇನ್ನೊಂದು ನಂಬಿಕೆ ಇದಕ್ಕಿಂತ ಅಪಾಯಕಾರಿ: ಪೂಲ್ ಮೂಲಕ ‘ಬಿಗಿನ್’ ಕಳಿಸಿ, ಕೊನೆಗೆ ‘ಕಮಿಟ್’ ಕಳಿಸಿದರೆ ಟ್ರಾನ್ಸಾಕ್ಷನ್ ಆಯಿತು ಎಂಬುದು. ಆಗುವುದಿಲ್ಲ. ಪೂಲ್ ಪ್ರತಿ ಕ್ವೆರಿಯನ್ನೂ ಆ ಕ್ಷಣಕ್ಕೆ ಬಿಡುವಾಗಿರುವ ಯಾವುದೋ ಕನೆಕ್ಷನ್‌ಗೆ ಕೊಡುತ್ತದೆ. ಉದಾಹರಣೆಗೆ ಹಣ ವರ್ಗಾಯಿಸುವಾಗ ಬಿಗಿನ್ ಒಂದಕ್ಕೆ, ಹಣ ಕಡಿತದ ಕ್ವೆರಿ ಮತ್ತೊಂದಕ್ಕೆ ಹೋದರೆ ರೋಲ್‌ಬ್ಯಾಕ್‌ನಿಂದ ಆ ಹಣ ವಾಪಸಾಗದು. ಒಬ್ಬರೇ ಪರೀಕ್ಷಿಸುವಾಗ ಎಲ್ಲವೂ ಒಂದೇ ಕನೆಕ್ಷನ್‌ನಲ್ಲಿ ಓಡಿ ಸರಿಯಾಗಿಯೇ ಕಾಣುತ್ತದೆ. ಜನಸಂದಣಿ ಬಂದಾಗ ಲೆಕ್ಕ ತಪ್ಪುತ್ತದೆ. ಪೂಲ್‌ನಿಂದ ಒಂದು ಕ್ಲೈಂಟ್ ಪಡೆದು, ಇಡೀ ಟ್ರಾನ್ಸಾಕ್ಷನ್ ಅದರಲ್ಲೇ ಮುಗಿಸಿ, ‘ಫೈನಲಿ’ ಭಾಗದಲ್ಲಿ ರಿಲೀಸ್ ಮಾಡಬೇಕು.

ರಿಲೀಸ್ ಮರೆತರೆ? ಗ್ರಂಥಾಲಯದ ಪುಸ್ತಕ ಹಿಂತಿರುಗಿಸದಂತೆ: ಕಪಾಟು ಖಾಲಿ, ಕಾಯುವವರ ಸಾಲು ಉದ್ದ. ಪಿಜಿಯಲ್ಲಿ ಹೀಗೆ ಕಾಯುವುದಕ್ಕೆ ಡೀಫಾಲ್ಟ್ ಆಗಿ ಗಡುವೇ ಇಲ್ಲ. ಹಾಗಾಗಿ ಹತ್ತೂ ಕನೆಕ್ಷನ್ ಸೋರಿಹೋದ ಮೇಲೆ ಎರರ್ ಕೂಡ ಬರುವುದಿಲ್ಲ, ಆ್ಯಪ್ ಸುಮ್ಮನೆ ನಿಂತುಬಿಡುತ್ತದೆ. ಕನೆಕ್ಷನ್ ಟೈಮ್‌ಔಟ್ ಕೊಟ್ಟಿದ್ದರೆ ಕನಿಷ್ಠ ಕಾರಣವಾದರೂ ತಿಳಿಯುತ್ತದೆ.

ಲೈಬ್ರರಿ ಇದೆಯಲ್ಲ, ಎಸ್‌ಕ್ಯೂಎಲ್ ಇಂಜೆಕ್ಷನ್ ಚಿಂತೆಯಿಲ್ಲ ಎನ್ನುವವರೂ ಇದ್ದಾರೆ. ಬಳಕೆದಾರ ಕೊಟ್ಟ ಪಠ್ಯವನ್ನು ನೀವೇ ಸ್ಟ್ರಿಂಗ್‌ಗೆ ಅಂಟಿಸಿದರೆ ಯಾವ ಲೈಬ್ರರಿಯೂ ಕಾಪಾಡದು. $1, $2 ಎಂದು ಜಾಗ ಬಿಟ್ಟು ಮೌಲ್ಯಗಳನ್ನು ಬೇರೆಯಾಗಿಯೇ ಕಳಿಸಿ.

ಯಾವುದೇ ರ‍್ಯಾಪರ್ ತಂದುಕೊಳ್ಳುವ ಮೊದಲು ಅದರ ಕೋಡ್ ತೆರೆದು, ಟ್ರಾನ್ಸಾಕ್ಷನ್ ಎಲ್ಲಿ ಓಡುತ್ತದೆ, ರಿಲೀಸ್ ಎಲ್ಲಿದೆ ಎಂದು ದಯವಿಟ್ಟು ಒಮ್ಮೆ ಓದಿ.