ಪುಟಕ್ಕೆ ಅಂಟಿದ ಸೀರೆ

ಫ್ಯಾಷನ್, ವಿನ್ಯಾಸದ ಪುಸ್ತಕ ಎಂದರೆ ನುಣುಪು ಕಾಗದ, ಪುಟದಗಲ ಫೋಟೊ. ಆದರೆ ಚಿತ್ರದ ಗೊಡವೆಯೇ ಬೇಡವೆಂದು ಬಟ್ಟೆಯನ್ನೇ ಕತ್ತರಿಸಿ ಅಂಟಿಸಿದ ಪುಸ್ತಕಗಳೂ ಇವೆ. ಅವುಗಳಲ್ಲಿ ಅತಿ ದೊಡ್ಡದೊಂದು ಹುಟ್ಟಿದ್ದೇ ಭಾರತದ ನೇಕಾರನ ಗಿರಾಕಿಯನ್ನು ಕಸಿಯಲು.

ದೊಡ್ಡ ಊರುಗಳ ಪುಸ್ತಕದಂಗಡಿಗಳಲ್ಲಿ ಈ ಬಗೆಯ ಪುಸ್ತಕಗಳಿಗೆ ಒಂದು ಕಪಾಟು ಮೀಸಲು. ಎತ್ತಿದರೆ ಕೈ ಸೋಲುವಷ್ಟು ಭಾರ. ಬೆಲೆ ನೋಡಿದರೆ, ಇದೇ ದುಡ್ಡಿಗೆ ಒಂದು ಒಳ್ಳೆಯ ಇಳಕಲ್ ಸೀರೆ ಬರುತ್ತಿತ್ತಲ್ಲ ಅನ್ನಿಸುತ್ತದೆ. ಮೇಲೆ ಪ್ಲಾಸ್ಟಿಕ್ ಹೊದಿಕೆ ಬೇರೆ, ಬಿಚ್ಚಿ ನೋಡುವಂತಿಲ್ಲ. ಕೊಂಡವರ ಮನೆಯಲ್ಲೂ ಅದು ಟೀಪಾಯಿಯ ಮೇಲೆ ಕೂತಿರುತ್ತದೆಯೇ ಹೊರತು ಯಾರ ತೊಡೆಯ ಮೇಲೂ ಬರುವುದಿಲ್ಲ. ಒಳಗಿನ ಫೋಟೊಗಳು ಸೊಗಸಾಗಿರುತ್ತವೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಫೋಟೊದಲ್ಲಿ ಬಟ್ಟೆಯ ಬಣ್ಣ ಸಿಗುತ್ತದೆ, ಮೈ ಸಿಗುವುದಿಲ್ಲ. ಸೀರೆ ಅಂಗಡಿಯಲ್ಲಿ ಕೂತ ಹೆಂಗಸು ಬೆಲೆ ಕೇಳುವ ಮೊದಲೇ ಸೆರಗನ್ನು ಎರಡು ಬೆರಳ ನಡುವೆ ಹಿಡಿದು ಉಜ್ಜಿ ನೋಡುತ್ತಾಳೆ. ಆ ಪರೀಕ್ಷೆಗೆ ನಿಲ್ಲುವ ಪುಸ್ತಕ ಬೇಕೆಂದರೆ 1866ಕ್ಕೆ ಹೋಗಬೇಕು.

ಏಳುನೂರು ತುಂಡು, ಇಪ್ಪತ್ತು ಪ್ರತಿ

ಜಾನ್ ಫೋರ್ಬ್ಸ್ ವಾಟ್ಸನ್ ಸ್ಕಾಟ್ಲೆಂಡಿನವನು, ಓದಿದ್ದು ವೈದ್ಯಕೀಯ. ಮುಂಬಯಿ ಪ್ರಾಂತ್ಯದ ಸೇನೆಯಲ್ಲಿ ವೈದ್ಯನಾಗಿದ್ದು ಲಂಡನ್ನಿಗೆ ಮರಳಿದ ಮೇಲೆ ಅಲ್ಲಿನ ಇಂಡಿಯಾ ಮ್ಯೂಸಿಯಂ ಸೇರಿದ. ಭಾರತದಲ್ಲಿ ಏನೇನು ಬೆಳೆಯುತ್ತದೆ, ಏನೇನು ತಯಾರಾಗುತ್ತದೆ ಎಂದು ಸರ್ಕಾರಕ್ಕೆ ವರದಿ ಮಾಡುವುದು ಅವನ ಕೆಲಸ. ಮ್ಯೂಸಿಯಂನಲ್ಲಿ ದೇಶದ ಮೂಲೆಮೂಲೆಯಿಂದ ಬಂದ ಬಟ್ಟೆಯ ದೊಡ್ಡ ಸಂಗ್ರಹವಿತ್ತು. ಮುಂಡಾಸು, ಪಂಚೆ, ಸೀರೆ, ಮಸ್ಲಿನ್, ಶಾಲು, ಜರಿ. ವಾಟ್ಸನ್ ಕತ್ತರಿ ಹಿಡಿದ. ಏಳುನೂರು ಮಾದರಿಗಳನ್ನು ಆರಿಸಿ, ಒಂದೊಂದರಿಂದಲೂ ಇಪ್ಪತ್ತು ತುಂಡು ತೆಗೆಸಿ, ದಪ್ಪ ಹಾಳೆಗಳಿಗೆ ಅಂಟಿಸಿ 18 ಸಂಪುಟ ಮಾಡಿದ. ಹೀಗೆ ಇಪ್ಪತ್ತು ಪ್ರತಿಗಳು. ಲೆಕ್ಕ ಹಾಕಿದರೆ 360 ಸಂಪುಟ, 14,000 ತುಂಡು ಬಟ್ಟೆ. ಹೆಸರು ‘ದಿ ಟೆಕ್ಸ್‌ಟೈಲ್ ಮ್ಯಾನುಫ್ಯಾಕ್ಚರ್ಸ್ ಆಫ್ ಇಂಡಿಯಾ’.

ಪುಟ ತೆರೆದರೆ ವಿವರಣೆಯ ಮಹಾಪೂರವೇನೂ ಇಲ್ಲ. ಬಟ್ಟೆಯ ತುಂಡು, ಪಕ್ಕದಲ್ಲಿ ಅಚ್ಚಾದ ಒಂದು ಚೀಟಿ. ಏನಕ್ಕೆ ಬಳಸುತ್ತಾರೆ, ಎಲ್ಲಿಯದು, ಪೂರ್ತಿ ಬಟ್ಟೆಯ ಉದ್ದವೆಷ್ಟು, ಪನ್ನವೆಷ್ಟು, ತೂಕವೆಷ್ಟು. ಗೊತ್ತಿದ್ದ ಕಡೆ ಬೆಲೆ. ನೇಯ್ದವನ ಹೆಸರು ಮಾತ್ರ ಇಲ್ಲ. ಹತ್ತು ವರ್ಷ ಮೊದಲು, 1856ರಲ್ಲಿ, ಓವೆನ್ ಜೋನ್ಸ್ ‘ದಿ ಗ್ರಾಮರ್ ಆಫ್ ಆರ್ನಮೆಂಟ್’ ಎಂಬ ಪುಸ್ತಕದಲ್ಲಿ ಜಗತ್ತಿನ ಅಲಂಕಾರಗಳನ್ನೆಲ್ಲ ನೂರು ಬಣ್ಣದ ಫಲಕಗಳಲ್ಲಿ ಅಚ್ಚು ಹಾಕಿಸಿದ್ದ. ಭಾರತದ ಬಳ್ಳಿ, ಹೂಗಳೂ ಅದರಲ್ಲಿದ್ದವು. ಜೋನ್ಸ್‌ನದು ಕಲಾವಿದನ ಆಸೆ. ವಾಟ್ಸನ್ನನದು ವ್ಯಾಪಾರಿಯ ಲೆಕ್ಕ.

ಆ ಲೆಕ್ಕವನ್ನು ಅವನು ಮುಚ್ಚಿಟ್ಟವನಲ್ಲ. ಸಂಪುಟಗಳ ಜೊತೆಗೆ ಬರೆದ ಪುಸ್ತಕದಲ್ಲಿ ಬ್ರಿಟನ್ನಿನ ಗಿರಣಿಯವರಿಗೆ ನೇರವಾಗಿಯೇ ಹೇಳಿದ. ಭಾರತದ ಜನ ಏನು ಉಡುತ್ತಾರೆ, ಹೇಗೆ ಉಡುತ್ತಾರೆ ಎಂಬುದು ನಿಮಗೆ ತಿಳಿಯದು. ತಿಳಿಯದೆ ನೇಯ್ದು ಕಳಿಸಿದ ಮಾಲು ಅಲ್ಲಿ ಬಿಕರಿಯಾಗುವುದಿಲ್ಲ. ಕೋಟಿಗಟ್ಟಲೆ ಜನ ಉಡುವುದು ಮಗ್ಗದಿಂದ ಇಳಿದ ಇಡೀ ಬಟ್ಟೆಯನ್ನು. ಅದಕ್ಕೆ ದರ್ಜಿಯ ಕೈ ತಾಗುವುದಿಲ್ಲ. ಆದ್ದರಿಂದ ಪಂಚೆಯ ಉದ್ದ, ಸೀರೆಯ ಪನ್ನ, ಅಂಚಿನ ಅಗಲ, ಸೆರಗಿನ ಜಾಗ ಒಂದಿಂಚು ತಪ್ಪಿದರೂ ಅದು ಅವರಿಗೆ ಬಟ್ಟೆಯೇ ಅಲ್ಲ. ಢಾಕಾ ಮಸ್ಲಿನ್ನಿನ ಎಳೆಯನ್ನು ಯುರೋಪಿನ ಯಂತ್ರದ ಎಳೆಯ ಜೊತೆ ಅಳೆದು ನೋಡಿ, ಕೈಯಲ್ಲಿ ನೂತದ್ದೇ ಹೆಚ್ಚು ನವುರು ಎಂದು ಒಪ್ಪಿಕೊಂಡವನೂ ಅವನೇ. ಹಾಗಾಗಿ ಸಿರಿವಂತರ ಜರಿ, ಮಸ್ಲಿನ್ನಿನ ಗೊಡವೆಗೆ ಹೋಗಬೇಡಿ, ಬಡವರು ಉಡುವ ಸಾದಾ ಬಟ್ಟೆಗೆ ಕೈ ಹಾಕಿ ಎಂಬುದು ಅವನ ಸಲಹೆ. ಗ್ರಾಹಕನನ್ನು ಇಷ್ಟು ಶ್ರದ್ಧೆಯಿಂದ ಓದಿದ ವಿನ್ಯಾಸದ ಪುಸ್ತಕ ಇನ್ನೊಂದು ಸಿಗುವುದು ಕಷ್ಟ. ಅಷ್ಟೇ ತಣ್ಣಗಿನ ಪುಸ್ತಕವೂ ಸಿಗಲಾರದು.

ಇಪ್ಪತ್ತು ಪ್ರತಿಗಳಲ್ಲಿ 13 ಬ್ರಿಟನ್, ಐರ್ಲೆಂಡಿನಲ್ಲೇ ಉಳಿದವು – ಮ್ಯಾಂಚೆಸ್ಟರ್, ಪ್ರೆಸ್ಟನ್, ಗ್ಲಾಸ್ಗೊ, ಬ್ರಾಡ್‌ಫರ್ಡ್‌ನಂಥ ಗಿರಣಿ ಊರುಗಳಲ್ಲಿ. ಏಳು ಭಾರತಕ್ಕೆ ಬಂದವು. ಕಲ್ಕತ್ತಾ, ಮದ್ರಾಸು, ಮುಂಬಯಿ, ಲಾಹೋರಿನಂಥ ಅಧಿಕಾರದ ಊರುಗಳಿಗೆ. ಮಗ್ಗದ ಊರಿಗೆ ಬಂದದ್ದು ಕಾಣೆ.

ಇದೇ ವಾಟ್ಸನ್, ಜಾನ್ ವಿಲಿಯಂ ಕೇ ಜೊತೆ ಸೇರಿ 1868ರಿಂದ 1875ರವರೆಗೆ ‘ದಿ ಪೀಪಲ್ ಆಫ್ ಇಂಡಿಯಾ’ ಎಂಬ ಎಂಟು ಸಂಪುಟಗಳ ಫೋಟೊ ಪುಸ್ತಕವನ್ನೂ ತಂದ. ಅದರಲ್ಲಿ ಜಾತಿ, ಬುಡಕಟ್ಟುಗಳ ಜನರನ್ನು ನಿಲ್ಲಿಸಿ ಫೋಟೊ ತೆಗೆದು ಕೆಳಗೆ ಚೀಟಿ ಬರೆದಿದ್ದಾರೆ. ಮೊದಲು ಬಟ್ಟೆಯ ಮಾದರಿ, ಆಮೇಲೆ ಮನುಷ್ಯರ ಮಾದರಿ!

ಧಾರವಾಡದ ಹತ್ತಿ, ಕಾರವಾರದ ಬಂದರು

ಈ ಕತೆಗೆ ನಮ್ಮ ಕಡೆಯದೂ ಒಂದು ಎಳೆ ಇದೆ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಲ್ಯಾಂಕಾಶೈರಿನ ಗಿರಣಿಗಳಿಗೆ ಹತ್ತಿ ನಿಂತುಹೋಯಿತು. ಆಗ ಅವರ ಕಣ್ಣು ಬಿದ್ದದ್ದು ಧಾರವಾಡದ ಎರೆಹೊಲಗಳ ಮೇಲೆ. ಅಲ್ಲಿ 1840ರ ದಶಕದಿಂದಲೇ ಅಮೆರಿಕದ ತಳಿಯನ್ನು ಒಗ್ಗಿಸಿದ್ದರು. ‘ಧಾರವಾಡ ಅಮೆರಿಕನ್’ ಎಂದೇ ಲಿವರ್‌ಪೂಲಿನ ಪೇಟೆಯಲ್ಲಿ ಅದಕ್ಕೆ ಹೆಸರು. ಘಟ್ಟ ಇಳಿಸಿ ಹಡಗಿಗೆ ತುಂಬಲು ಕಾರವಾರದ ಬಂದರು ಬೇಕಾಯಿತು. ಮ್ಯಾಂಚೆಸ್ಟರ್ ಕಾಟನ್ ಕಂಪನಿಯ ಜನ ಅಲ್ಲಿಗೆ ಬಂದಿಳಿದರು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮದ್ರಾಸು ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಹೋದದ್ದರ ಹಿಂದೆಯೂ ಈ ಹತ್ತಿಯ ಒತ್ತಡವಿತ್ತು. ಹತ್ತಿ ಹೋದ ನಾಲ್ಕೇ ವರ್ಷಕ್ಕೆ ಅದರಿಂದ ಏನು ನೇಯಬೇಕು ಎಂಬ ಮಾದರಿ ಪುಸ್ತಕವೂ ಅವರ ಮೇಜಿಗೆ ಬಂತು.

ಹಾಗೆಂದು ಆ ಸಂಪುಟಗಳನ್ನು ಶಪಿಸಿ ಮುಚ್ಚಿಡುವಂತಿಲ್ಲ. ಪ್ರೆಸ್ಟನ್ನಿನ ಹ್ಯಾರಿಸ್ ಮ್ಯೂಸಿಯಂ ತನ್ನಲ್ಲಿದ್ದ ಪ್ರತಿಯನ್ನು ಡಿಜಿಟಲ್ ರೂಪಕ್ಕೆ ತಂದಿದೆ. ಕೃತಕ ಅಲಿಜರಿನ್ ಕೆಂಪು ಸಿದ್ಧವಾದದ್ದು ಈ ಸಂಪುಟಗಳ ನಂತರ, 1868-69ರಲ್ಲಿ. ಅಂದರೆ ಈ ಪುಟಗಳ ಕೆಂಪಂಚುಗಳು ಬಹುಮಟ್ಟಿಗೆ ಗಿಡದ ಬೇರಿನದೋ ಅರಗಿನದೋ ಬಣ್ಣ ಕುಡಿದವು. ಪುಸ್ತಕ ಮುಚ್ಚಿಯೇ ಇದ್ದುದರಿಂದ ಬಿಸಿಲು ತಾಗದೆ ಅನೇಕವು ಇನ್ನೂ ಮಾಸಿಲ್ಲ. ಬಣ್ಣಗಾರಿಕೆಯ ಬಗ್ಗೆ ಕೆಲಸ ಮಾಡುವವರಿಗೆ ಇದಕ್ಕಿಂತ ದೊಡ್ಡ ಖಜಾನೆ ಇಲ್ಲ. ಕನ್ನ ಹಾಕಲು ಮಾಡಿದ ನಕ್ಷೆಯೇ ಈಗ ಮನೆಯ ದಾಖಲೆ.

ಆದರೂ ಕತ್ತರಿ ಕಳೆದದ್ದನ್ನು ಮರೆಯಬಾರದು. ಇಳಕಲ್ ಸೀರೆಯನ್ನೇ ತೆಗೆದುಕೊಳ್ಳಿ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದಾದರೂ ಸೆರಗು ವಾಡಿಕೆಯಂತೆ ಕೆಂಪು ರೇಷ್ಮೆಯದು. ನೇಯುವ ಮೊದಲು ಒಡಲಿನ ಒಂದೊಂದು ಎಳೆಯ ತುದಿಗೂ ಸೆರಗಿನ ಎಳೆಯನ್ನು ಕೊಂಡಿ ಹಾಕಿ ಜೋಡಿಸುತ್ತಾರೆ. ಹೀಗಾಗಿ ಹತ್ತಾರು ಸೀರೆಗೆ ಒಟ್ಟಿಗೆ ಹಾಸು ಹೂಡುವಂತಿಲ್ಲ, ಸೀರೆಗೊಂದು ಹಾಸು. ಮನೆಯ ಹೆಂಗಸರು ಸಾಲಾಗಿ ಕೂತು ಮಾಡುವ ಈ ಕೊಂಡಿ ಕೆಲಸ ಸೀರೆಯಲ್ಲಿ ಅಡ್ಡಕ್ಕೆ ಒಂದೇ ಒಂದು ಗೆರೆಯಷ್ಟು ಜಾಗದಲ್ಲಿರುತ್ತದೆ. ಆ ಗೆರೆಯಿಂದ ಒಂದು ಗೇಣು ಆಚೆ ಕತ್ತರಿಸಿದರೆ ಸಿಗುವುದು ಚೆಂದದ ಚೌಕುಳಿ. ಅದರ ಗುಟ್ಟು ಕೈಗೆ ಬರುವುದಿಲ್ಲ. ತುಂಡನ್ನು ನೋಡಿ ಅಂಚಿನ ಗೋಮಿ ಯಾವುದು, ಚಿಕ್ಕಿ ಯಾವುದು ಎಂದು ಗುರುತಿಸಬಹುದು. ಟೋಪ ತೆನಿ ಎಂದು ಕರೆಯುವ ಈ ಸೆರಗು ಒಡಲಿಗೆ ಹೇಗೆ ಅಂಟಿತು ಎಂಬುದನ್ನು ತಿಳಿಯಲು ಇಡೀ ಸೀರೆಯೇ ಬೇಕು.

ತಾಯಿ ಬಿಟ್ಟುಹೋದ ಚೂರು

ವಾಟ್ಸನ್ನನ ಸಂಪುಟಗಳಿಗೆ ನೂರು ವರ್ಷ ಮೊದಲೇ ಲಂಡನ್ನಿನಲ್ಲಿ ಇನ್ನೊಂದು ಬಗೆಯ ಬಟ್ಟೆ ಪುಸ್ತಕ ಬೆಳೆಯುತ್ತಿತ್ತು. ಅದನ್ನು ಯಾರೂ ಪುಸ್ತಕ ಮಾಡಬೇಕೆಂದು ಮಾಡಿದ್ದಲ್ಲ. ಥಾಮಸ್ ಕೋರಮ್ ಕಟ್ಟಿದ ಫೌಂಡ್ಲಿಂಗ್ ಹಾಸ್ಪಿಟಲ್ ಸಾಕಲಾರದ ತಾಯಂದಿರು ತಂದುಬಿಟ್ಟ ಕೂಸುಗಳನ್ನು 1741ರಿಂದ ಸೇರಿಸಿಕೊಳ್ಳತೊಡಗಿತು. ತಾಯಿಯ ಹೆಸರು ಬರೆಯುತ್ತಿರಲಿಲ್ಲ. ಮುಂದೊಂದು ದಿನ ಅವಳು ಮರಳಿ ಬಂದರೆ ಗುರುತಿಗಿರಲಿ ಎಂದು ಕೂಸಿನ ಬಟ್ಟೆಯದೋ ತಾಯಿಯ ಉಡುಪಿನದೋ ಒಂದು ಚೂರನ್ನು ಕತ್ತರಿಸಿ ದಾಖಲೆ ಹಾಳೆಗೆ ಗುಂಡುಪಿನ್ನಿನಿಂದ ಚುಚ್ಚುತ್ತಿದ್ದರು. ಆ ಹಾಳೆಗಳನ್ನು ರಟ್ಟು ಕಟ್ಟಿದಾಗ ಸುಮಾರು 5,000 ಬಟ್ಟೆ ಚೂರುಗಳ ಸಂಗ್ರಹವಾಯಿತು. ಇತಿಹಾಸಕಾರ ಜಾನ್ ಸ್ಟೈಲ್ಸ್ 2010ರಲ್ಲಿ ಇವುಗಳ ಪ್ರದರ್ಶನ ನಡೆಸಿ ‘ಥ್ರೆಡ್ಸ್ ಆಫ್ ಫೀಲಿಂಗ್’ ಎಂಬ ಪುಸ್ತಕವನ್ನೂ ತಂದರು.

ರಾಣಿಯರ ಗೌನುಗಳನ್ನು ಮ್ಯೂಸಿಯಂಗಳು ಜೋಪಾನ ಮಾಡುತ್ತವೆ. ಕೂಲಿ ಹೆಂಗಸು ಉಟ್ಟದ್ದು ಚಿಂದಿಯಾಗಿ ಹೋಗುತ್ತದೆ. ಹದಿನೆಂಟನೇ ಶತಮಾನದ ಬಡ ಇಂಗ್ಲಿಷ್ ಹೆಂಗಸು ಏನು ತೊಟ್ಟಳು ಎಂಬುದಕ್ಕೆ ಇಷ್ಟು ದೊಡ್ಡ ಸಾಕ್ಷಿ ಬೇರೆ ಇಲ್ಲ. ಆ ಚೂರುಗಳಲ್ಲಿ ನಮ್ಮ ಚೀಟಿ ಬಟ್ಟೆಯ ಹೂಬಳ್ಳಿಯನ್ನು ನಕಲು ಮಾಡಿದ ಅಚ್ಚುಗಳೂ ಇವೆ. ಭಾರತದ ಚೀಟಿ ಬಟ್ಟೆಯನ್ನು ಬ್ರಿಟನ್ 1700ರಲ್ಲಿ ಒಮ್ಮೆ, 1721ರಲ್ಲಿ ಮತ್ತೊಮ್ಮೆ ಕಾನೂನು ಮಾಡಿ ತಡೆದಿತ್ತು. ಕಾನೂನು ಮಾಲನ್ನು ತಡೆಯಿತು, ಮೋಹವನ್ನು ತಡೆಯಲಾಗಲಿಲ್ಲ.

1767ರಲ್ಲಿ ಸಾರಾ ಬೆಂಡರ್ ಎಂಬಾಕೆ ಗಂಡುಮಗುವನ್ನು ಬಿಡುವಾಗ, ಬಗೆಬಗೆಯ ಚೂರುಗಳನ್ನು ಸೇರಿಸಿ ಹೊಲಿದು, ಮೇಲೆ ಕೆಂಪು ನೂಲಿನಲ್ಲಿ ಹೃದಯದ ಆಕಾರ ಬಿಡಿಸಿದ್ದ ಪಟ್ಟಿಯೊಂದನ್ನು ಎರಡಾಗಿ ಕತ್ತರಿಸಿದಳು. ಅರ್ಧ ದಾಖಲೆಗೆ ಹೋಯಿತು, ಇನ್ನರ್ಧ ಅವಳ ಬಳಿ ಉಳಿಯಿತು. ಎಂಟು ವರ್ಷಗಳ ಮೇಲೆ, 1775ರಲ್ಲಿ, ಅದನ್ನು ಹಿಡಿದು ಬಂದು ಮಗನನ್ನು ಬಿಡಿಸಿಕೊಂಡು ಹೋದಳು. ಹಾಗೆ ಬಂದವರು ತೀರಾ ವಿರಳ. 1741ರಿಂದ 1760ರವರೆಗೆ ಸೇರಿದ 16,000ಕ್ಕೂ ಹೆಚ್ಚು ಕೂಸುಗಳಲ್ಲಿ ತಾಯ್ಮಡಿಲಿಗೆ ಮರಳಿದವು ಸುಮಾರು 150.

ಉಟ್ಟವರೇ ಬರೆದದ್ದು

ತಮ್ಮ ಬಟ್ಟೆಯ ಲೆಕ್ಕವನ್ನು ತಾವೇ ಇಟ್ಟವರೂ ಇದ್ದಾರೆ. ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಫುಗ್ಗರ್ ಸಾಹುಕಾರರ ಲೆಕ್ಕಿಗನಾಗಿದ್ದ ಮಥೇಯಸ್ ಶ್ವಾರ್ಟ್ಸ್ 1520ರಿಂದ 1560ರವರೆಗೆ ತಾನು ತೊಟ್ಟ ಪೋಷಾಕುಗಳನ್ನೆಲ್ಲ ವರ್ಣಚಿತ್ರ ಮಾಡಿಸುತ್ತ ಹೋದ. ಒಟ್ಟು 137 ಚಿತ್ರ. ನಡುವೆ 1526ರಲ್ಲಿ ಹಿಂದೊಮ್ಮೆ ಮುಂದೊಮ್ಮೆ ಬರಿಮೈಯಲ್ಲಿ ನಿಂತು, ದಪ್ಪಗಾಗಿದ್ದೇನೆ ಎಂದು ಪಕ್ಕದಲ್ಲಿ ಟಿಪ್ಪಣಿಯನ್ನೂ ಬರೆದ. ಇಂದು ಕನ್ನಡಿ ಮುಂದೆ ಸೆಲ್ಫಿ ತೆಗೆಯುವವರಿಗೂ ಇಷ್ಟು ಪ್ರಾಮಾಣಿಕತೆ ಇರಲಾರದು. ಅದು 2015ರಲ್ಲಿ ‘ದಿ ಫಸ್ಟ್ ಬುಕ್ ಆಫ್ ಫ್ಯಾಷನ್’ ಎಂದು ಅಚ್ಚಾಯಿತು. ಇಂಗ್ಲೆಂಡಿನ ಪಾದ್ರಿಯ ಮಗಳು ಬಾರ್ಬರಾ ಜಾನ್ಸನ್‌ಳದು ಇನ್ನೂ ಸರಳ. ಎಂಟನೇ ವಯಸ್ಸಿನ ಉಡುಪಿನಿಂದ, ಅಂದರೆ 1746ರಿಂದ ಹಿಡಿದು 1823ರವರೆಗೆ, ಹೊಲಿಸಿದ ಉಡುಪುಗಳ ಬಟ್ಟೆಯ ಚೂರನ್ನು ಒಂದು ಲೆಕ್ಕದ ಪುಸ್ತಕಕ್ಕೆ ಸೇರಿಸಿ, ಎಷ್ಟು ಗಜ, ಎಷ್ಟು ಬೆಲೆ, ಯಾವ ಸಂದರ್ಭ ಎಂದು ಬರೆದಿಟ್ಟಳು. ಸಾವಿನ ಮನೆಯ ಕಪ್ಪು ಬಟ್ಟೆಯೂ ಅದರಲ್ಲಿದೆ. ಈಗದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನ ಸ್ವತ್ತು.

ಇವರ ಎದುರಿಗೆ ಫ್ರೆಂಚ್ ಚಿಂತಕ ರೋಲಾನ್ ಬಾರ್ತ್‌ನನ್ನು ನೆನೆದರೆ ನಗು ಬರುತ್ತದೆ. 1967ರ ಅವನ ಫ್ಯಾಷನ್ ಗ್ರಂಥ ಬಟ್ಟೆಯನ್ನೂ ಮುಟ್ಟುವುದಿಲ್ಲ, ಫೋಟೊವನ್ನೂ ನೋಡುವುದಿಲ್ಲ. ಫ್ರೆಂಚ್ ಪತ್ರಿಕೆಗಳು ಫೋಟೊದ ಕೆಳಗೆ ಬರೆದ ಸಾಲುಗಳನ್ನಷ್ಟೇ ಓದಿಕೊಂಡು ದಪ್ಪ ಪುಸ್ತಕವಾಗಿದೆ. ಪಂಡಿತರು ಮೆಚ್ಚುತ್ತಾರೆ. ನನಗೆ ಬಾರ್ಬರಾಳ ಪುಸ್ತಕವೇ ಮೇಲು.

ನಮ್ಮ ಕಪಾಟಿನಲ್ಲಿ

ನಮ್ಮ ದೇಶದಲ್ಲಿ ಒಳ್ಳೆಯ ಕೆಲಸ ನಡೆದಿಲ್ಲವೆಂದಲ್ಲ. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ಕೈಕಸುಬುಗಳ ಬಗ್ಗೆ ಬರೆದ ಪುಸ್ತಕಗಳು ಇಂದಿಗೂ ಮೊದಲ ಪಾಠ. ಋತಾ ಕಪೂರ್ ಚಿಸ್ತಿ ಅವರ ‘ಸಾರೀಸ್: ಟ್ರೆಡಿಷನ್ ಅಂಡ್ ಬಿಯಾಂಡ್’ (2010) ನೇಯ್ಗೆಯ ಜೊತೆಗೆ ಉಡುವ ಬಗೆಯನ್ನೂ ದಾಖಲಿಸಿದೆ, 108 ಬಗೆಯ ಉಡುಗೆಗಳು. ವಾಟ್ಸನ್ನನ ತುಂಡುಗಳಿಂದ ತಪ್ಪಿಹೋದ ಮೈಯನ್ನು ಆ ಪುಸ್ತಕ ಮರಳಿ ತಂದಿತು. ಕೊಡವರ ಹೆಂಗಸರ ನೆರಿಗೆ ಬೆನ್ನ ಹಿಂದೆ ಹೋಗುತ್ತದೆ ಎಂಬುದು ಬಟ್ಟೆಯ ಯಾವ ಚೂರಿನಿಂದಲೂ ತಿಳಿಯುವಂಥದ್ದಲ್ಲ.

ಧಾರವಾಡದ ಕಸೂತಿಗೆ ಮಾತ್ರ ಪುಸ್ತಕ ಸಲೀಸಾಗಿ ಒಗ್ಗುತ್ತದೆ. ಬಟ್ಟೆಯ ಮೇಲೆ ಗೆರೆ ಎಳೆಯದೆ, ಎಳೆ ಎಣಿಸಿ ಹಾಕುವ ಹೊಲಿಗೆ ಅದು. ಗೋಪುರ, ತೇರು, ತುಳಸಿಕಟ್ಟೆ, ಆನೆ ಎಲ್ಲವನ್ನೂ ಚೌಕುಳಿ ಹಾಳೆಗೆ ಇಳಿಸಬಹುದು. ಆದರೆ ಕಸೂತಿಯ ಗವಂತಿ ಎಂಬ ಹೊಲಿಗೆಯಲ್ಲಿ ಸೂಜಿ ಒಂದು ಬಿಟ್ಟು ಒಂದು ಟಾಕು ಹಾಕುತ್ತ ಹೋಗಿ, ಬಿಟ್ಟ ಜಾಗವನ್ನು ತುಂಬುತ್ತ ಅದೇ ದಾರಿಯಲ್ಲಿ ಹಿಂದಿರುಗುತ್ತದೆ. ಗಂಟಿಲ್ಲ, ಎದುರು ಹೇಗೋ ಹಿಂಬದಿಯೂ ಹಾಗೆಯೇ. ಅಚ್ಚಾದ ಹಾಳೆಯಲ್ಲಿ ಆನೆ ಸಿಗುತ್ತದೆ, ಸೂಜಿ ಹೋಗಿಬಂದ ಹಾದಿ ಸಿಗುವುದಿಲ್ಲ. ಆ ಹಾದಿಯನ್ನು ಹೆಜ್ಜೆಹೆಜ್ಜೆಗೆ ತೋರಿಸುವ, ಕೊನೆಯಲ್ಲಿ ಒಂದು ಹೊಲಿದ ತುಂಡನ್ನೂ ಲಗತ್ತಿಸಿದ ಕನ್ನಡ ಪುಸ್ತಕ ಬರಬೇಕು. ಗುಳೇದಗುಡ್ಡದ ಖಣಕ್ಕೂ ಒಂದು, ಇಳಕಲ್ಲಿಗೂ ಒಂದು. ಕೊಂಡಿಯ ಗೆರೆ ಇರುವ ಜಾಗದಿಂದಲೇ ಕತ್ತರಿಸಿದ ತುಂಡು ಅದರಲ್ಲಿರಲಿ, ನೇಯ್ದವರ ಹೆಸರೂ ಇರಲಿ. ದೇಶದ ಮೂಲೆಮೂಲೆಯ ಬಟ್ಟೆಯನ್ನು ತರಿಸಿಕೊಂಡು, ಯಂತ್ರದ ಸಹಾಯ ಅಷ್ಟಿಲ್ಲದ ಕಾಲದಲ್ಲಿ ವಾಟ್ಸನ್ನನ ಕಡೆಯವರು ಇಪ್ಪತ್ತು ಪ್ರತಿ ಮಾಡಿದರು. ನಮ್ಮ ವಿಶ್ವವಿದ್ಯಾಲಯಗಳ ಪ್ರಸಾರಾಂಗಗಳಿಗೆ ಜಿಲ್ಲೆಗೊಂದು ಪ್ರತಿ ಮಾಡುವುದು ಆಗದ ಮಾತೇನಲ್ಲ.

ಅದು ಬರುವವರೆಗೆ ಓದುಗರು ಮಾಡಬಹುದಾದದ್ದೂ ಇದೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಕೌದಿ ಇದೆಯಲ್ಲ, ಅದು ಬರಹವಿಲ್ಲದ ಬಾರ್ಬರಾ ಜಾನ್ಸನ್ ಪುಸ್ತಕವೇ. ಯಾವ ಚೂರು ಯಾರ ಸೀರೆಯದು ಎಂದು ಹೇಳಬಲ್ಲ ಹಿರಿಯರು ಇರುವಾಗಲೇ ಕೇಳಿ ಬರೆದಿಡಬೇಕಷ್ಟೆ. ಹಳೆಯ ಸೀರೆಯನ್ನು ಸ್ಟೀಲ್ ಪಾತ್ರೆಯವನ ಗಂಟಿಗೆ ಹಾಕುವ ಮುನ್ನ ಅಂಚಿನ ಕಡೆಯಿಂದ ನಾಲ್ಕು ಬೆರಳಗಲ ಕತ್ತರಿಸಿ ಒಂದು ದಪ್ಪ ನೋಟುಬುಕ್ಕಿಗೆ ಹೊಲಿಯಿರಿ. ಅಂಟು ಬೇಡ, ಬಟ್ಟೆ ಕೆಡುತ್ತದೆ. ಪಕ್ಕದಲ್ಲಿ ಯಾವ ಊರಿನ ಸೀರೆ, ಯಾವ ವರ್ಷ ಕೊಂಡದ್ದು, ಎಷ್ಟು ಕೊಟ್ಟದ್ದು, ಯಾರು ಉಟ್ಟದ್ದು ಎಂದು ಬರೆಯಿರಿ.