ಇಳಿಜಾರಿನ ಹಿತ್ತಲಲ್ಲಿ ಕೊಟ್ಟಿಗೆ: ನೆಲವನ್ನು ಹಂತ ಮಾಡಿ, ಹಸುವನ್ನು ಉಳಿಸಿಕೊಳ್ಳಿ



ಕಳೆದ ಆಷಾಢದ ಮಳೆಯಲ್ಲಿ ಚಂದ್ರಗುತ್ತಿ ಕಡೆಯ ಒಂದು ಮನೆಯಿಂದ ಬೆಳಗಿನ ಜಾವ ಫೋನ್ ಬಂತು. ಎಂಟು ತಿಂಗಳು ತುಂಬಿದ ಗಬ್ಬದ ಹಸು ಜಾರಿ ಬಿದ್ದಿದೆ, ಏಳುತ್ತಿಲ್ಲ ಎಂದರು. ಹೋಗಿ ನೋಡಿದೆ. ಹಿಂಗಾಲು ಎರಡೂ ಅಗಲಕ್ಕೆ ಚಾಚಿಕೊಂಡು ಒಳತೊಡೆಯ ಸ್ನಾಯು ಹರಿದಿತ್ತು. ಐದು ದಿನ ಎತ್ತಿ ನಿಲ್ಲಿಸಲು ನೋಡಿದೆವು, ಔಷಧಿ ಕೊಟ್ಟೆವು. ಹಸುವೂ ಉಳಿಯಲಿಲ್ಲ, ಹೊಟ್ಟೆಯ ಕರುವೂ ಉಳಿಯಲಿಲ್ಲ.

ಆ ತಾಯಿ ನನ್ನನ್ನು ಕೇಳಿದ್ದು ಒಂದೇ ಮಾತು: "ಡಾಕ್ಟ್ರೇ, ಸಿಮೆಂಟ್ ಹಾಕ್ಸಿದ್ದೇ ತಪ್ಪಾಯ್ತಾ?"

ನನಗೆ ತಕ್ಷಣ ಉತ್ತರ ಬರಲಿಲ್ಲ. ಏಕೆಂದರೆ ಹಿಂದಿನ ವರ್ಷ ಅದೇ ಹಸುವಿಗೆ ಕೆಚ್ಚಲು ಬಾವು ಬಂದಾಗ "ಮಣ್ಣಿನ ನೆಲ ಬೇಡ, ಸಿಮೆಂಟ್ ಹಾಕಿಸಿ" ಎಂದು ಹೇಳಿ ಬಂದವನು ನಾನೇ. ನೆಲ ಎಷ್ಟು ಇಳಿಜಾರಾಗಿದೆ ಎಂದು ಅಂದು ನೋಡಿರಲಿಲ್ಲ. ಹಸು ಸತ್ತ ಮೇಲೆ ಅಳೆದು ನೋಡಿದೆ. ಹತ್ತು ಅಡಿ ಉದ್ದದ ನೆಲದಲ್ಲಿ ತಲೆಯ ಕಡೆಯಿಂದ ಬಾಲದ ಕಡೆಗೆ ಮುಕ್ಕಾಲು ಅಡಿ ಇಳಿಜಾರು ಇತ್ತು. ಅದರ ಮೇಲೆ ಮೇಸ್ತ್ರಿ ಕರಣೆಯಿಂದ ಒರೆಸಿ ಕನ್ನಡಿಯ ಹಾಗೆ ನುಣುಪು ಮಾಡಿದ್ದ. ತಪ್ಪು ಸಿಮೆಂಟಿನದಲ್ಲ. ಹಿತ್ತಲು ಹೇಗೆ ಇಳಿದಿತ್ತೋ ಹಾಗೆಯೇ ನೆಲವನ್ನೂ ಇಳಿಸಿದ್ದು ತಪ್ಪು.

ಮಕ್ಕಿ ಗದ್ದೆಯ ಪಾಠ

ಸೊರಬದ ಗುಡ್ಡದ ಊರುಗಳಲ್ಲಿ, ಶಿಕಾರಿಪುರದ ಮಲೆನಾಡು ಸೆರಗಿನ ಹಳ್ಳಿಗಳಲ್ಲಿ ಮನೆಯನ್ನು ಎತ್ತರದ ಪಾಯದ ಮೇಲೆ ಕಟ್ಟಿ, ಹಿತ್ತಲನ್ನು ಇಳಿಜಾರಿಗೇ ಬಿಡುವುದು ರೂಢಿ. ಕೊಟ್ಟಿಗೆ ಆ ಇಳಿಜಾರಿನಲ್ಲಿ ಬರುತ್ತದೆ. ಆದರೆ ಅದೇ ಗುಡ್ಡದಲ್ಲಿ ಭತ್ತ ಬೆಳೆಯಲು ನಮ್ಮ ಹಿರಿಯರು ಏನು ಮಾಡಿದರು? ಇಳಿಜಾರಿಗೆ ಸಸಿ ನೆಡಲಿಲ್ಲ. ಗುಡ್ಡವನ್ನು ಹಂತ ಹಂತವಾಗಿ ಕಡಿದು, ಅಂಚು ಕಟ್ಟಿ, ಸಮತಟ್ಟಾದ ಮಕ್ಕಿ ಗದ್ದೆ ಮಾಡಿದರು. ಕೊಟ್ಟಿಗೆಗೂ ಬೇಕಾದದ್ದು ಇದೇ. ಹಿತ್ತಲು ಎಷ್ಟೇ ಇಳಿಯಲಿ, ಹಸು ನಿಲ್ಲುವ ಜಾಗ ಇಳಿಯಬಾರದು.

ಇಳಿಜಾರಿನಲ್ಲಿ ಕಟ್ಟಿದ ಹಸುವಿಗೆ ಆಗುವ ತೊಂದರೆಗಳು ಇವು:

* ಒದ್ದೆ ನೆಲದಲ್ಲಿ ಜಾರಿ ಕಾಲು, ಸೊಂಟ ಕೆಡುತ್ತದೆ.
* ತುಂಬು ಗಬ್ಬದ ಹಸುವಿನ ಹಿಂಭಾಗ ತಗ್ಗಿನಲ್ಲಿದ್ದರೆ, ಅದು ಮಲಗಿದಾಗ ಹೊಟ್ಟೆಯ ಭಾರವೆಲ್ಲ ಹಿಂದಕ್ಕೆ ಬೀಳುತ್ತದೆ. ಮೈ ಹೊರಗೆ ಬರುವ ತೊಂದರೆ ಇರುವ ಹಸುಗಳಲ್ಲಿ ಅದು ಹೆಚ್ಚುತ್ತದೆ.
* ಹಾಲು ಕೊಡುವ ಹಸು ದಿನಕ್ಕೆ 10ರಿಂದ 12 ಗಂಟೆ ಮಲಗಬೇಕು. ನೆಲ ಸರಿಯಿಲ್ಲದಿದ್ದರೆ ಅದು ನಿಂತೇ ಇರುತ್ತದೆ. ಗೊರಸು ಸವೆಯುತ್ತದೆ, ಹಾಲೂ ಇಳಿಯುತ್ತದೆ.
* ಮೇಲಿನ ಹಸುವಿನ ಗಂಜಲ ಕೆಳಗಿನ ಹಸುವಿನ ಕೆಚ್ಚಲಿಗೆ ಹರಿಯುತ್ತದೆ. ಕೆಚ್ಚಲು ಬಾವಿಗೆ ಇದಕ್ಕಿಂತ ಬೇರೆ ದಾರಿ ಬೇಕಿಲ್ಲ.

ಮೂರು ಹಂತ, ಮೂರು ಕೆಲಸ

ಹಿತ್ತಲನ್ನು ಮೂರು ಹಂತ ಮಾಡಿಕೊಳ್ಳಿ. ಮೇಲಿನ ಹಂತದಲ್ಲಿ ಹುಲ್ಲು, ಹಿಂಡಿ, ನೀರಿನ ತೊಟ್ಟಿ. ನಡುವಿನ ಹಂತದಲ್ಲಿ ಹಸು. ಕೆಳಗಿನ ಹಂತದಲ್ಲಿ ಗೊಬ್ಬರದ ಗುಂಡಿ, ಗೋಬರ್ ಗ್ಯಾಸ್. ಹೀಗೆ ಮಾಡಿದರೆ ಮೇವು ಮೇಲಿನಿಂದ ಇಳಿಯುತ್ತದೆ, ಸಗಣಿ ಕೆಳಕ್ಕೆ ಇಳಿಯುತ್ತದೆ. ಭಾರ ಹೊತ್ತು ಏರು ಹತ್ತುವ ಕೆಲಸ ನಿಮಗೆ ಉಳಿಯುವುದಿಲ್ಲ. ಎಷ್ಟೋ ಮನೆಗಳಲ್ಲಿ ಗೊಬ್ಬರದ ಗುಂಡಿ ಮೇಲೆ, ರಸ್ತೆ ಪಕ್ಕದಲ್ಲಿ ಇರುತ್ತದೆ. ವರ್ಷಕ್ಕೊಮ್ಮೆ ಬರುವ ಟ್ರ್ಯಾಕ್ಟರಿಗೆ ಅನುಕೂಲ ಆಗಲೆಂದು, ದಿನಕ್ಕೆರಡು ಸಲ ಬುಟ್ಟಿ ಹೊರುವವಳು ಏರು ಹತ್ತುತ್ತಾಳೆ.

ಒಂದು ಲೆಕ್ಕ ನೋಡೋಣ. ಹಿತ್ತಲು 36 ಅಡಿ ಉದ್ದ, ಒಟ್ಟು ಇಳಿಜಾರು ನಾಲ್ಕೂವರೆ ಅಡಿ ಎಂದುಕೊಳ್ಳಿ. ಮೇಲಿನ ಹಂತಕ್ಕೆ 10 ಅಡಿ, ನಡುವಿನದಕ್ಕೆ 14 ಅಡಿ, ಕೆಳಗಿನದಕ್ಕೆ 12 ಅಡಿ ಬಿಡಿ. ಹಂತದಿಂದ ಹಂತಕ್ಕೆ ಸುಮಾರು 2 ಅಡಿಯ ತಡೆಗೋಡೆ ಸಾಕು. ಉಳಿದ ಅರ್ಧ ಅಡಿ ಮೂರೂ ಹಂತಗಳಲ್ಲಿ ನೀರು ಹರಿಯಲು ಹಂಚಿಹೋಗುತ್ತದೆ.

ಗೋದಲಿಯನ್ನು ಮೇಲಿನ ತಡೆಗೋಡೆಯ ಬುಡದಲ್ಲೇ ಕಟ್ಟಿ. ಆಗ ನೀವು ಮೇಲಿನ ಹಂತದಲ್ಲಿ ನಿಂತು ಹುಲ್ಲನ್ನು ನೇರವಾಗಿ ಗೋದಲಿಗೆ ಹಾಕಬಹುದು. ಹಸುಗಳ ನಡುವೆ ನುಸುಳಬೇಕಿಲ್ಲ, ಒದೆ ತಿನ್ನಬೇಕಿಲ್ಲ. ಮೇಲಿನ ಹಂತದ ಅಂಚಿಗೆ ಒಂದು ಅಡ್ಡಗಳ ಇರಲಿ; ಮಕ್ಕಳು, ವಯಸ್ಸಾದವರು ಓಡಾಡುವ ಜಾಗ ಅದು.

ನಡುವಿನ ಹಂತದ ಅಳತೆ

* ಗೋದಲಿ: 2 ಅಡಿ ಅಗಲ. ತಳ ಹಸುವಿನ ನೆಲಕ್ಕಿಂತ ಸ್ವಲ್ಪ ಎತ್ತರದಲ್ಲಿರಲಿ. ಹಸುವಿನ ಕಡೆಯ ಗೋಡೆ ಒಂದೂವರೆ ಅಡಿ ಮೀರದಿರಲಿ. ಹಸು ಏಳುವಾಗ ತಲೆಯನ್ನು ಮುಂದಕ್ಕೆ ಚಾಚುತ್ತದೆ, ಆ ಜಾಗ ಬೇಕು.
* ಹಸು ನಿಲ್ಲುವ ಜಾಗ: ಒಂದು ಹಸುವಿಗೆ 4 ಅಡಿ ಅಗಲ, ಐದೂವರೆ ಅಡಿ ಉದ್ದ.
* ಗಂಜಲದ ಚರಂಡಿ: 1 ಅಡಿ ಅಗಲ, ಆಳ ಕಡಿಮೆ.
* ಅದರಾಚೆ ನಿಮಗೆ ಓಡಾಡಲು, ಹಾಲು ಕರೆಯಲು 4 ಅಡಿ ಜಾಗ.
* ಹಂತದ ಕೆಳ ಅಂಚಿಗೆ 4 ಅಡಿ ಎತ್ತರದ ಗಟ್ಟಿ ತಡೆ. ಹಗ್ಗ ಬಿಚ್ಚಿಕೊಂಡ ಹಸು ಹಿಂದಕ್ಕೆ ಹೆಜ್ಜೆಯಿಟ್ಟು ಕೆಳಗೆ ಬೀಳಬಾರದು.

ಹಸು ನಿಲ್ಲುವ ಐದೂವರೆ ಅಡಿಗೆ ಗೋದಲಿಯಿಂದ ಚರಂಡಿಯ ಕಡೆಗೆ ಒಂದರಿಂದ ಒಂದೂವರೆ ಅಂಗುಲ ಇಳಿಜಾರು ಇರಬೇಕು. ಅದಕ್ಕಿಂತ ಕಡಿಮೆಯಾದರೆ ಗಂಜಲ ನಿಲ್ಲುತ್ತದೆ, ಹೆಚ್ಚಾದರೆ ಹಸು ಜಾರುತ್ತದೆ. ಕಣ್ಣಂದಾಜು ಬೇಡ. ಪಾರದರ್ಶಕ ನೀರಿನ ಪೈಪು ತುಂಬಿಸಿ ಎರಡು ತುದಿ ಹಿಡಿದರೆ ಎರಡೂ ಕಡೆ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಆ ಮಟ್ಟದಿಂದ ನೆಲಕ್ಕೆ ಎರಡೂ ಕಡೆ ಅಳೆದರೆ ವ್ಯತ್ಯಾಸ ತಿಳಿಯುತ್ತದೆ. ಮೇಸ್ತ್ರಿಯ ಹತ್ತಿರ ಈ ಪೈಪು ಇದ್ದೇ ಇರುತ್ತದೆ. ಕಾಂಕ್ರೀಟ್ ಹಾಕುವ ಮೊದಲೇ ನಿಮ್ಮ ಎದುರಿಗೆ ಅಳೆಯಿಸಿ.

ಕಾಂಕ್ರೀಟ್ ಹಸಿ ಇರುವಾಗಲೇ ಮೂರು ನಾಲ್ಕು ಅಂಗುಲಕ್ಕೊಂದರಂತೆ ಗೆರೆ ಎಳೆಸಿ. ಗೆರೆ ಅರ್ಧ ಅಂಗುಲ ಆಳವಿದ್ದರೆ ಗೊರಸಿಗೆ ಹಿಡಿತ ಸಿಗುತ್ತದೆ. ನುಣುಪು ಮಾಡಬೇಕಾದದ್ದು ಗೋದಲಿಯ ಒಳಗೆ ಮಾತ್ರ.

ಮಣ್ಣು ಮತ್ತು ತಡೆಗೋಡೆ

ಜೆಸಿಬಿ ಬಂದು ಮೇಲಿನ ಮಣ್ಣನ್ನು ಕಡಿದು ಕೆಳಗೆ ತಳ್ಳಿದಾಗ, ಹಂತದ ಅರ್ಧ ಕಡಿದ ನೆಲ, ಇನ್ನರ್ಧ ತುಂಬಿದ ನೆಲ ಆಗುತ್ತದೆ. ಕಡಿದ ನೆಲ ಗಟ್ಟಿ. ತುಂಬಿದ ನೆಲ ಮಳೆಗೆ ಕುಸಿಯುತ್ತದೆ. ಹಸು ಕಡಿದ ನೆಲದ ಮೇಲೆ ನಿಲ್ಲಲಿ, ಓಡಾಡುವ ಜಾಗ ತುಂಬಿದ ನೆಲದ ಮೇಲೆ ಬರಲಿ. ತುಂಬಿದ ಮಣ್ಣನ್ನು ಅರ್ಧ ಅಡಿಗೊಂದು ಪದರ ಹಾಕಿ, ನೀರು ಚಿಮುಕಿಸಿ ದಮ್ಮಸು ಹೊಡೆಸಿ. ಸಾಧ್ಯವಾದರೆ ಒಂದು ಮಳೆಗಾಲ ಕಳೆದ ಮೇಲೆ ಅದರ ಮೇಲೆ ಕಾಂಕ್ರೀಟ್ ಹಾಕಿಸಿ.

ತಡೆಗೋಡೆಗೆ ನಮ್ಮ ಜಂಬಿಟ್ಟಿಗೆ ಕಲ್ಲು ಸಾಕು. ಮೂರು ಅಡಿಗಿಂತ ಎತ್ತರದ ಗೋಡೆ ಬೇಕಾದರೆ ಅದನ್ನು ಎರಡು ಹಂತವಾಗಿ ಒಡೆಯಿರಿ, ಇಲ್ಲವೇ ಎಂಜಿನಿಯರ್ ಸಲಹೆ ಪಡೆಯಿರಿ. ಗೋಡೆ ಬೀಳುವುದು ಮಣ್ಣಿನ ಭಾರಕ್ಕಿಂತ ಹೆಚ್ಚಾಗಿ ಹಿಂದೆ ನಿಂತ ನೀರಿನಿಂದ. ಆದ್ದರಿಂದ ಗೋಡೆಯ ಹಿಂದೆ ಜಲ್ಲಿ ತುಂಬಿಸಿ, ನೀರನ್ನು ಎರಡು ಪಕ್ಕಕ್ಕೆ ಬಿಡಿಸಿ, ಗೋದಲಿಯೊಳಕ್ಕೆ ಜಿನುಗಬಾರದು. ಅಡಿಕೆ ತೋಟಕ್ಕೆ ಬಸಿಗಾಲುವೆ ಹೇಗೋ ಕೊಟ್ಟಿಗೆಗೂ ಹಾಗೆ. ಎಲ್ಲಕ್ಕಿಂತ ಮೇಲೆ, ಮೊದಲ ಹಂತದ ನೆತ್ತಿಯಲ್ಲಿ ಒಂದು ಬಸಿಗಾಲುವೆ ತೆಗೆದು ಗುಡ್ಡದ ನೀರನ್ನು ಅಲ್ಲಿಯೇ ಪಕ್ಕಕ್ಕೆ ತಿರುಗಿಸಿ. ಮಾಡಿನ ನೀರೂ ಅದಕ್ಕೇ ಸೇರಲಿ, ಗೊಬ್ಬರದ ಗುಂಡಿಗೆ ಬೇಡ.

ಹಸುವಿಗೆ ಮೆಟ್ಟಿಲು ಬೇಡ

ಹಸು ಹತ್ತಿ ಇಳಿಯುವ ದಾರಿ ಪಕ್ಕದಲ್ಲಿ ಒಂದು ಓರೆ ದಾರಿಯಾಗಿರಲಿ. ಒಂದು ಅಡಿ ಎತ್ತರಕ್ಕೆ 8ರಿಂದ 10 ಅಡಿ ಉದ್ದದ ಲೆಕ್ಕ. ಅಡ್ಡ ಗೆರೆ ಕಡ್ಡಾಯ. ಜಾಗವೇ ಇಲ್ಲ, ಮೆಟ್ಟಿಲೇ ಗತಿ ಎಂದರೆ ಅರ್ಧ ಅಡಿ ಮೀರದ ಎತ್ತರ, ಎರಡೂವರೆ ಅಡಿಗೆ ಕಡಿಮೆಯಿಲ್ಲದ ಅಗಲ ಇರಲಿ. ನಿಮಗೆ ಬೇರೆ ಮೆಟ್ಟಿಲು ಮಾಡಿಸಿ: ಅರ್ಧ ಅಡಿ ಎತ್ತರ, ಒಂದು ಅಡಿ ಅಗಲ, ಹಿಡಿಯಲು ಒಂದು ಗಳ. ಹಾಲಿನ ಕ್ಯಾನು ಹಿಡಿದು ಕತ್ತಲಲ್ಲಿ ಡೇರಿಗೆ ಹೊರಡುವವರು ನೀವು. ಜಾರಿ ಬೀಳುವುದು ಹಸು ಮಾತ್ರವಲ್ಲ.

ಕರುವಿಗೆ ಅಟ್ಟಣಿಗೆ

ಮಳೆಗಾಲದಲ್ಲಿ ಎಳೆಗರುಗಳನ್ನು ಕೊಲ್ಲುವುದು ತೇವ ಮತ್ತು ಚಳಿ. ನಡುವಿನ ಹಂತದ ಒಂದು ಮೂಲೆಯಲ್ಲಿ, ನೆಲದಿಂದ ಒಂದು ಅಡಿ ಎತ್ತರಕ್ಕೆ ಅಡಿಕೆ ದಬ್ಬೆಯ ಅಟ್ಟಣಿಗೆ ಕಟ್ಟಿ. ದಬ್ಬೆಗಳ ನಡುವೆ ಅರ್ಧದಿಂದ ಮುಕ್ಕಾಲು ಅಂಗುಲ ಸಂದು ಬಿಟ್ಟರೆ ಗಂಜಲ ಕೆಳಗೆ ಇಳಿಯುತ್ತದೆ, ಗೊರಸು ಸಿಕ್ಕಿಕೊಳ್ಳುವುದಿಲ್ಲ. ಮೇಲೆ ಒಣ ಹುಲ್ಲು ಹಾಸಿ. ದಬ್ಬೆಯನ್ನು ಪ್ರತಿ ವರ್ಷ ತಟ್ಟಿ ನೋಡಿ, ಲಡ್ಡಾದದ್ದನ್ನು ಬದಲಿಸಿ. ದೊಡ್ಡ ಹಸುವಿಗೆ ಮಾತ್ರ ದಬ್ಬೆಯ ನೆಲ ಬೇಡವೇ ಬೇಡ. ಅದರ ಭಾರಕ್ಕೆ ಮುರಿದು ಕಾಲು ಒಳಗೆ ಹೋಗುತ್ತದೆ.

ಕೆಳಗಿನ ಹಂತ

ಗೋಬರ್ ಗ್ಯಾಸ್‌ಗೆ ಇಳಿಜಾರಿನ ಹಿತ್ತಲು ವರವೇ ಸರಿ. ಸಗಣಿ ಕಲಸುವ ತೊಟ್ಟಿ ಕೊಟ್ಟಿಗೆಯ ಚರಂಡಿಗಿಂತ ತಗ್ಗಿನಲ್ಲಿದ್ದರೆ ಸಗಣಿಯನ್ನು ಎಳೆದು ಹಾಕಿದರೆ ಸಾಕು, ಹೊರಬೇಕಿಲ್ಲ. ಒಂದು ಬುಟ್ಟಿ ಸಗಣಿಗೆ ಅಷ್ಟೇ ನೀರು. ಬಗ್ಗಡ ಇನ್ನೂ ಕೆಳಗಿನ ತೋಟಕ್ಕೆ ತಾನೇ ಇಳಿಯುತ್ತದೆ. ಒಂದು ಎಚ್ಚರಿಕೆ: ಗುಂಡಿಯ ಕೆಳಮಗ್ಗುಲಲ್ಲಿ ಹತ್ತಿರದಲ್ಲಿ ಕುಡಿಯುವ ನೀರಿನ ಬಾವಿ ಇದ್ದರೆ ಗುಂಡಿಯ ಜಾಗವನ್ನೇ ಬದಲಿಸಿ. ಆ ಬಾವಿ ನೆರೆಮನೆಯವರದ್ದಾದರೂ ಅಷ್ಟೇ.

ಇನ್ನು ಸೊಪ್ಪು, ದರಗು. ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ನಮ್ಮ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲೇ. ಅದನ್ನು ಮನುಷ್ಯರಿಗೆ ದಾಟಿಸುವುದು ಉಣುಗು. ಮಳೆಗಾಲ ಮುಗಿದ ಮೇಲೆ ಬೇಸಿಗೆ ಕಳೆಯುವವರೆಗೆ ಕಾಡಿನ ಒಣ ಎಲೆಯನ್ನು ತಂದು ಕೊಟ್ಟಿಗೆಗೆ ಹಾಸಬೇಡಿ, ಮನೆ ಹತ್ತಿರ ರಾಶಿಯನ್ನೂ ಹಾಕಬೇಡಿ. ಆ ದಿನಗಳಲ್ಲಿ ಒಣಹುಲ್ಲು ಅಥವಾ ಭತ್ತದ ಹೊಟ್ಟು ಹಾಸಿದರೆ ಸಾಕು.

ಈ ವರ್ಷ ಹಣವಿಲ್ಲ ಎಂದರೆ

ಮೂರು ಹಂತ ಒಂದೇ ವರ್ಷದಲ್ಲಿ ಆಗಬೇಕೆಂದೇನಿಲ್ಲ. ಮುಂದಿನ ಮಳೆಗೆ ಮುಂಚೆ ಇಷ್ಟನ್ನಾದರೂ ಮಾಡಿ:

1. ಕೊಟ್ಟಿಗೆಯ ಮೇಲುಗಡೆ ಬಸಿಗಾಲುವೆ ತೆಗೆಯಿರಿ. ಇದಕ್ಕೆ ಗುದ್ದಲಿ ಸಾಕು.
2. ನುಣುಪಾದ ಹಳೆ ಸಿಮೆಂಟ್ ನೆಲಕ್ಕೆ ಉಳಿಯಿಂದ ಕಚ್ಚು ಹಾಕಿಸಿ.
3. ಪೈಪಿನಿಂದ ಇಳಿಜಾರು ಅಳೆಯಿರಿ. ಹೆಚ್ಚಿದ್ದರೆ ಹಿಂಗಾಲಿನ ಕಡೆ ನೆಲ ಏರಿಸಿ.
4. ಗಬ್ಬದ ಹಸುವಿಗೆ ಕೊನೆಯ ಎರಡು ತಿಂಗಳು ಮನೆಯಲ್ಲಿರುವ ಅತಿ ಸಮವಾದ ಜಾಗ ಕೊಡಿ. ಮಲಗಿದಾಗ ಮೈ ಹೊರಗೆ ಕಂಡರೆ ಹಿಂಭಾಗ ಅರ್ಧ ಅಡಿ ಎತ್ತರ ಬರುವಂತೆ ಮಣ್ಣು, ಹುಲ್ಲು ಗಟ್ಟಿಯಾಗಿ ಹಾಕಿ ಕಟ್ಟಿ, ಕೂಡಲೇ ವೈದ್ಯರನ್ನು ಕರೆಯಿರಿ.
5. ರಬ್ಬರ್ ಮ್ಯಾಟ್ ಹಾಕುವುದಾದರೆ ನೆಲ ಸಮ ಮಾಡಿದ ಮೇಲೆ ಹಾಕಿ. ಇಳಿಜಾರಿನಲ್ಲಿ ಮ್ಯಾಟೇ ಜಾರುತ್ತದೆ.

ಉದ್ಯೋಗ ಖಾತರಿ ಯೋಜನೆಯಲ್ಲಿ ಅನೇಕರು ಕೊಟ್ಟಿಗೆ ಕಟ್ಟಿಸಿಕೊಂಡಿದ್ದಾರೆ. ಈಗ ಯಾವ ನೆರವು ಇದೆ ಎಂದು ಗ್ರಾಮ ಪಂಚಾಯಿತಿಯಲ್ಲಿ ಕೆಲಸ ಶುರು ಮಾಡುವ ಮೊದಲೇ ವಿಚಾರಿಸಿ.

ಕೊನೆಯದಾಗಿ ಒಂದು ಮಾತು. ಚಂದ್ರಗುತ್ತಿ ಕಡೆಯ ಆ ಮನೆಯವರು ದೀಪಾವಳಿ ಕಳೆದ ಮೇಲೆ ಹಳೆ ನೆಲ ಒಡೆಸಿ ಎರಡು ಹಂತ ಮಾಡಿಸಿದರು. ಹೊಸ ಕಡಸು ತಂದಿದ್ದಾರೆ. ನಾನು ಹೋದ ದಿನ ಆ ತಾಯಿಯೇ ಪೈಪು ಹಿಡಿದು ಅಳೆದು ತೋರಿಸಿದರು: ಒಂದೂಕಾಲು ಅಂಗುಲ. "ಮೊದಲ ಸಲ ಕಟ್ಟುವಾಗ ನನ್ನ ಯಾರೂ ಕೇಳಿರಲಿಲ್ಲ ಡಾಕ್ಟ್ರೇ" ಎಂದರು. ಅಂದು ಕೇಳದೇ ಇದ್ದವರಲ್ಲಿ ನಾನೂ ಒಬ್ಬ.

ಕೊಟ್ಟಿಗೆಯಲ್ಲಿ ದಿನಕ್ಕೆ ನಾಲ್ಕೈದು ಗಂಟೆ ಕಳೆಯುವವರು ನೀವು. ನೀರು ಎಲ್ಲಿ ನಿಲ್ಲುತ್ತದೆ, ಹಸು ಎಲ್ಲಿ ಜಾರುತ್ತದೆ ಎಂದು ನಿಮಗೆ ಗೊತ್ತಿರುವಷ್ಟು ಮೇಸ್ತ್ರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ದಾರ ಹಿಡಿದು ಗುರುತು ಹಾಕುವ ದಿನ ಅಡುಗೆಮನೆಯಲ್ಲಿ ಇರಬೇಡಿ, ಹಿತ್ತಲಲ್ಲಿ ನಿಂತು ಹೇಳಿ. ಅನುಮಾನವಿದ್ದರೆ ನಿಮ್ಮ ಸಂಘದ ಕಾರ್ಯದರ್ಶಿಯ ಮೂಲಕ ಹೇಳಿ ಕಳುಹಿಸಿ. ಹಸುವಿಗೆ ಚಿಕಿತ್ಸೆಗೆ ಬರುವ ದಿನವೇ ನೆಲವನ್ನೂ ಅಳೆದು ಕೊಡುತ್ತೇನೆ.

— ಪಶು ವೈದ್ಯಾಧಿಕಾರಿ